ಏಪ್ರಿಲ್‌ನಲ್ಲಿ ಬಂದವನ ಜಾಕೆಟ್

ಉಗಾಂಡದ ಬುಕಾಕಾಟ ದೋಣಿಗಟ್ಟೆಯಲ್ಲಿ ಚಹಾ ಮಾರುವ ನಕಿಮೆರಾ, ದ್ವೀಪ ನೋಡಲು ಬರುವವರಿಗೆ ಬುದ್ಧಿವಾದವನ್ನು ಪುಕ್ಕಟೆಯಾಗಿ ಕೊಡುತ್ತಿದ್ದಳು, ಕೊಡೆಯನ್ನಲ್ಲ. ಆ ಏಪ್ರಿಲ್ ಮಳೆಯಲ್ಲಿ, ಪ್ರವಾಸಿಗರ ಕಾರು ಓಡಿಸುವ ಸೆಮ್ವೊಗೆರೆರೆ ಒಬ್ಬ ಬಿಳಿಯ ಹುಡುಗನನ್ನು ಕರೆತಂದ.

“ಮಳೆ ನಿಂತ ಮೇಲೆ ಜೂನ್‌ನಲ್ಲಿ ಬರೋಕೇನಾಗಿತ್ತು ಇವನಿಗೆ? ಈಗ ಕಪ್ಪೆ ಬಿಟ್ರೆ ಯಾರು ತಿರುಗಾಡ್ತಾರೆ?” ಎಂದವಳು ಹುಡುಗನ ಮೈಮೇಲಿದ್ದುದನ್ನು ಕಂಡು ನಡುಗಿದಳು. ಸೈನಿಕರು ತೊಡುವ ಹಸಿರು ಮಚ್ಚೆಗಳ ಜಾಕೆಟ್! ಸೈನಿಕನಲ್ಲದವನು ಅದನ್ನು ತೊಟ್ಟರೆ ಇಲ್ಲಿ ಜೈಲು. ಅಂಥದ್ದನ್ನು ಮಾರಿ ಸಿಕ್ಕಿಬಿದ್ದ ಅವಳ ತಮ್ಮ ಇನ್ನೂ ಮನೆಗೆ ಬಂದಿರಲಿಲ್ಲ.

“ಅಕ್ಕಾ, ಅವರ ಕಡೆ ಅಂಗಡೀಲೇ ಸಿಗುತ್ತಂತೆ. ಕಾಡಿಗೆ ಆಗುತ್ತೆ ಅಂತ ತಂದಿದಾನೆ,” ಎಂದು ಸೆಮ್ವೊಗೆರೆರೆ ತೊದಲಿದ.

“ಕಾಡಿಗಲ್ಲ, ಕಂಬಿ ಎಣಿಸೋಕೆ! ಮೊದಲು ಬಿಚ್ಚಿಸೋ!”

ಬಿಚ್ಚುವಷ್ಟರಲ್ಲಿ ಕಾವಲಿನ ಸೈನಿಕ ಚಹಾಕ್ಕೆ ಬಂದೇಬಿಟ್ಟ. ನಕಿಮೆರಾ ಜಾಕೆಟ್ಟನ್ನು ಮಣೆಯ ಮೇಲೆಸೆದು ಅದರ ಮೇಲೆ ಕುಳಿತಳು. ಗಂಡಸರು ಬಂದರೆ ಹೆಂಗಸರು ಎದ್ದು ಬಂದು ಮಂಡಿಯೂರಿ ನಮಸ್ಕರಿಸುವ ಸೀಮೆ ಅದು. ಈ ಸೈನಿಕನಿಗೂ ಅವಳು ದಿನವೂ ಹಾಗೇ ಮಾಡುತ್ತಿದ್ದಳು. ಇಂದು ಏಳಲಿಲ್ಲ.

“ಏನಮ್ಮಾ, ನನ್ನ ಮೇಲೆ ಮುನಿಸಾ?”

“ಮಂಡಿ ನೋವಪ್ಪಾ, ಮಳೆ ನೋಡು,” ಎಂದು ಅವಳು ಕೂತಲ್ಲೇ ಮಂಡಿ ಒತ್ತಿಕೊಂಡಳು.

ಅವನೇ ಚಹಾ ಬಗ್ಗಿಸಿಕೊಂಡು ನಿಂತೇ ಕುಡಿದ. ಲೋಟ ಇಡಲು ಬಾಗಿದವನ ಕಣ್ಣು ಮಣೆಯ ಬಳಿಯೇ ನಿಂತಿತು.

“ನೋವು ಜೋರಾಗೇ ಇದೆ ಕಣಮ್ಮಾ,” ಎಂದು ಸೈನಿಕ ದನಿ ತಗ್ಗಿಸಿದ. “ಜಾಕೆಟ್ಟಿನ ತೋಳು ಹೊರಗೆ ಇಣುಕ್ತಿದೆ, ಒಳಗೆ ಸೇರಿಸ್ಕೊ. ನಮ್ಮ ಸಾಹೇಬ್ರು ಬರ್ತಿದಾರೆ. ಅವರು ಹೋಗೋವರೆಗೂ ಏಳ್ಬೇಡ.”

ನಕಿಮೆರಾ ತೋಳನ್ನು ಒಳಗೆ ತುರುಕಿದಳು. ಮಣೆಯ ಮೇಲೆ ಇನ್ನಷ್ಟು ಅಗಲವಾಗಿ ಕುಳಿತು, ಸಾಹೇಬರಿಗೂ ಕೇಳುವಂತೆ ಮಂಡಿ ಹಿಡಿದು ನರಳತೊಡಗಿದಳು.