ಅಕ್ಕತಂಗಿಯರ ಮನೆಮಾತು

ಬುಟ್ಟಿ ಹೆಣೆಯುವ ಕೆಲವೇ ಮನೆಗಳಲ್ಲಿ ಉಳಿದಿದ್ದ ಒಂದು ನುಡಿಯನ್ನು ದಾಖಲಿಸುವ ಕೆಲಸಕ್ಕೆ ಸೇರಿ, ನಾನು ಹೆಮ್ಮರಗಾಲದ ಕಡೆಯ ಹಳ್ಳಿಯೊಂದಕ್ಕೆ ಹೋಗತೊಡಗಿದ್ದೆ. ಅಲ್ಲಿ ಆ ನುಡಿ ಬಲ್ಲವರು ಒಬ್ಬ ಅಜ್ಜಿ ಮಾತ್ರ. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲರದ್ದೂ ಕನ್ನಡವೇ. ನೀರಿಗೆ ಏನಂತೀರಿ, ಬಿದಿರಿಗೆ ಏನಂತೀರಿ ಎಂದರೆ ಅಜ್ಜಿ ಥಟ್ಟನೆ ಹೇಳುತ್ತಿದ್ದರು. ನಿಮ್ಮ ಮಾತಿನಲ್ಲೇ ಒಂದು ಕತೆ ಹೇಳಿ ಎಂದರೆ ಮಾತ್ರ ತುಸು ಹೊತ್ತಿಗೇ ಕನ್ನಡಕ್ಕೆ ಜಾರುತ್ತಿದ್ದರು.

"ಒಬ್ಳೇ ಎಂಗವ್ವ ಮಾತಾಡಾದು?" ಎಂದರು ಒಂದು ದಿನ.

ಮೊದಲು ಯಾರ ಜೊತೆ ಆಡುತ್ತಿದ್ದಿರಿ ಎಂದು ಕೇಳಿದೆ. ತಂಗಿ ಜೊತೆ ಎಂದರು. ಅವರನ್ನು ಮುಡುಕುತೊರೆಗೆ ಕೊಟ್ಟಿತ್ತು. ತಾಯಿ ತೀರಿಕೊಂಡಾಗ ತಂಗಿ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರಂತೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಾನು ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಮುಂದಿನ ಸಲ ಹೋದಾಗ ಅಜ್ಜಿ ಒಳ್ಳೆಯ ಸೀರೆ ಉಟ್ಟು ಕೂತಿದ್ದರು.

"ತಂಗಿ ಮನೆಗೆ ಕರ್ಕೊಂಡೋಗು ಕಣವ್ವ. ಒಬ್ಳೇ ಓಗಕ್ಕೆ ನಂಗೆ ಮೊಕ ಇಲ್ಲ."

ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಹೋದೆವು. ತಂಗಿ ಬಾಗಿಲಲ್ಲೇ ನಿಂತು ನೋಡಿದರು, ಬನ್ನಿ ಎನ್ನಲಿಲ್ಲ. ಒಳಗೆ ಹೋಗಿ ಚಾಪೆ ತಂದು ಜಗಲಿಗೆ ಹಾಸಿದರು. ರೆಕಾರ್ಡರ್ ಇಡಬಹುದೇ ಎಂದು ಇಬ್ಬರನ್ನೂ ಕೇಳಿದೆ. ಅಜ್ಜಿ ತಲೆಯಾಡಿಸಿದರು. "ಮಡಿಕೊ" ಎಂದರು ತಂಗಿ, ಅದರತ್ತ ನೋಡದೆ. ಆಮೇಲೆ ಅಕ್ಕನ ಕಡೆ ತಿರುಗಿ ತಮ್ಮ ನುಡಿಯಲ್ಲಿ ಏನೋ ಕೇಳಿದರು. ಅಷ್ಟೇ ಬೇಕಾಗಿತ್ತು. ಬೈಗುಳ, ಸಮಾಧಾನ, ಯಾರನ್ನೋ ಅಣಕಿಸುವ ದನಿ, ನನ್ನ ಯಾವ ಪ್ರಶ್ನೆಗೂ ಬಾರದಿದ್ದ ಮಾತೆಲ್ಲ ಇಬ್ಬರ ಬಾಯಲ್ಲೂ ಬಂತು. ನನಗೆ ಅರ್ಧವೂ ತಿಳಿಯಲಿಲ್ಲ. ಕೊನೆಗೆ ಇಬ್ಬರೂ ಅತ್ತರು.

ಮುಂದಿನ ವಾರ ಅರ್ಥ ತಿಳಿದುಕೊಳ್ಳಲು ಆ ರೆಕಾರ್ಡಿಂಗನ್ನು ತುಂಡುತುಂಡಾಗಿ ಅಜ್ಜಿಗೆ ಕೇಳಿಸಿದೆ. ಒಂದು ಕಡೆ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಇದು ಅವ್ವನ ಇಸ್ಯ. ನಮ್ಮಿಬ್ರುದು. ತೆಗ್ದಾಕ್ಬುಡು."

ಅಷ್ಟು ಉದ್ದದ ಸಹಜ ಸಂಭಾಷಣೆ ನಮ್ಮ ಸಂಗ್ರಹದಲ್ಲಿ ಬೇರೆಲ್ಲೂ ಇರಲಿಲ್ಲ. ಮನಸ್ಸು ಬರಲಿಲ್ಲ. ಆದರೂ ಆ ಭಾಗವನ್ನು ಅವರೆದುರೇ ಅಳಿಸಿದೆ, ಲ್ಯಾಪ್‌ಟಾಪಿನ ಪ್ರತಿಯನ್ನೂ. "ಯಾರಿಗೂ ಕೇಳಿಸದ ಹಾಗೆ ಇಟ್ಟಿದ್ದರೆ ಸಾಕಿತ್ತಲ್ಲ" ಎಂದರು ನನಗೆ ಕೆಲಸ ಕಲಿಸಿದ ಮೇಡಂ. ಅವರ ಬೇಸರ ನನಗೆ ಅರ್ಥವಾಗುತ್ತಿತ್ತು. ಆದರೆ ಅಜ್ಜಿ ಕೇಳಿದ್ದು ಅದನ್ನಲ್ಲ.

ದೀಪಾವಳಿ ಕಳೆದ ಮೇಲೆ ಅಜ್ಜಿ ತಂಗಿಯ ಮನೆಯಲ್ಲೇ ಸ್ವಲ್ಪ ಕಾಲ ಉಳಿದರು. ನಾನೂ ರೆಕಾರ್ಡರ್ ಹಿಡಿದು ಅಲ್ಲಿಗೇ ಹೋಗಿಬರತೊಡಗಿದೆ. ಒಬ್ಬರು ಕತೆ ಹೇಳಿದರೆ ಇನ್ನೊಬ್ಬರು ನಡುವೆ ಬಾಯಿ ಹಾಕುತ್ತಿದ್ದರು. ಹಾಗಲ್ಲ, ಹೀಗೆ ಎಂದು ಜಗಳ ಶುರುವಾಗುತ್ತಿತ್ತು. ಆ ಜಗಳವೂ ಅದೇ ನುಡಿಯಲ್ಲಿ. ಊಟದ ಹೊತ್ತಾದರೆ ಮಾತ್ರ ನನ್ನ ಕಡೆ ತಿರುಗಿ, "ಮುದ್ದೆ ಆರೋಯ್ತದೆ, ಅದ ಆಪ್ ಮಾಡ್ಬುಟ್ಟು ಬಾ" ಎಂದು ಕನ್ನಡದಲ್ಲಿ ಕರೆಯುತ್ತಿದ್ದರು.