ಮೂರನೇ ಗುಂಪಿನ ಸುದ್ದಿ

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಡೆಟ್ರಾಯಿಟ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಇಂಟರ್ನ್ ಆಗಿದ್ದೆ. ನನ್ನ ಗಂಡ ಶಿಕಾಗೋದ ಆಸ್ಪತ್ರೆಯೊಂದರಲ್ಲಿ ರೆಸಿಡೆಂಟ್ ಡಾಕ್ಟರ್. ಇಬ್ಬರಿಗೂ ಒಂದೇ ಊರಿನಲ್ಲಿ ಕೆಲಸ ಸಿಗಲೆಂದು ಎಷ್ಟೋ ಕಡೆ ಅರ್ಜಿ ಹಾಕಿದ್ದೆವು, ಸಿಗಲಿಲ್ಲ. ನಡುವೆ ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ ಹೆದ್ದಾರಿ. ಅವರಿಗೆ ರಜೆ ಇದ್ದ ವಾರ ನನಗೆ ಡ್ಯೂಟಿ, ನನಗೆ ರಜೆ ಇದ್ದ ವಾರ ಅವರಿಗೆ. ಧಾರವಾಡದಲ್ಲಿ ಮದುವೆಯಾದ ಮೇಲೆ ನಾವು ಒಂದೇ ಮನೆಯಲ್ಲಿ ಕಳೆದ ದಿನಗಳಿಗಿಂತ ಫೋನಿನಲ್ಲಿ ಮಾತಾಡಿದ ದಿನಗಳೇ ಹೆಚ್ಚಾಗಿದ್ದವು.

"ಊಟ ಆತೇನು?" ಎನ್ನುತ್ತಿದ್ದರು.

"ಆತ್ರಿ. ನಿಮ್ಮದು?"

"ಆತು."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇಬ್ಬರಿಗೂ ದಣಿವು. ಫೋನ್ ಇಟ್ಟ ಮೇಲೆ ಹೇಳಬೇಕಿದ್ದ ಹತ್ತು ಮಾತು ನೆನಪಾಗುತ್ತಿದ್ದವು.

ಆಸ್ಪತ್ರೆಯವರು ಕೊಟ್ಟ ಕೋಣೆಯಲ್ಲಿ ಒಬ್ಬಳೇ ಇರುತ್ತಿದ್ದೆ. ಕನ್ನಡ ಕಿವಿಗೆ ಬೀಳುತ್ತಿದ್ದದ್ದು ಪಕ್ಕದ ಊರು ವಾರೆನ್ನಿನಲ್ಲಿದ್ದ ಒಂದೇ ಒಂದು ಮನೆಯಲ್ಲಿ. ಮೈಸೂರಿನ ದಂಪತಿ, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅಂಕಲ್ ಕಾರು ಕಂಪನಿಯ ಟೆಕ್ನಿಕಲ್ ಸೆಂಟರಿನಲ್ಲಿ ಎಂಜಿನ್ ವಿಭಾಗದಲ್ಲಿದ್ದರು. ಆಂಟಿ ಭಾನುವಾರ ತಪ್ಪದೆ ಫೋನ್ ಮಾಡಿ, "ಹುಳಿ ಮಾಡಿದೀನಿ, ಬಾಮ್ಮ" ಎಂದು ಕರೆಯುತ್ತಿದ್ದರು. ಹೋಗಲು ಆಗುತ್ತಿದ್ದದ್ದು ನಾಲ್ಕಕ್ಕೊಂದು ಭಾನುವಾರ.

ಆ ಬೇಸಿಗೆಯಲ್ಲಿ ಹತ್ತಿರದ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನ ನಡೆಯಿತು. ಅಟ್ಲಾಂಟಿಕ್ ಆಚೆಯ ಒಂದು ದೇಶದ ವಾಯುಪಡೆಯ ತಂಡ ಬಂದಿತ್ತು. ಒಂಬತ್ತು ಪುಟ್ಟ ಜೆಟ್‌ಗಳು. ಅಂಕಲ್ ಆಂಟಿಯನ್ನೂ ಕರೆದುಕೊಂಡು ಹೋಗಿದ್ದರು. ನಾನು ಡ್ಯೂಟಿಯಲ್ಲಿದ್ದೆ. ಆಸ್ಪತ್ರೆಯ ಪಾರ್ಕಿಂಗ್ ಜಾಗದಿಂದ ದೂರದ ಮರಗಳ ಮೇಲೆ ಬಣ್ಣದ ಹೊಗೆ ಬಾಗಿಕೊಂಡು ಚದುರಿಹೋಗುವುದನ್ನು ಕಂಡೆ, ಅಷ್ಟೆ. ಒಳಗಿನಿಂದ ನರ್ಸ್ ಕೂಗಿದಳು, ಹೋದೆ.

ಮರುದಿನ ಬೆಳಿಗ್ಗೆ ಆ ತಂಡದ ಪೈಲಟ್ ಒಬ್ಬನನ್ನು ಸ್ಟ್ರೆಚರ್ ಮೇಲೆ ಕರೆತಂದರು. ಹೊಟ್ಟೆನೋವನ್ನು ಎರಡು ದಿನದಿಂದ ಯಾರಿಗೂ ಹೇಳದೆ ಹಲ್ಲುಕಚ್ಚಿ ಹಾರಾಡಿದ್ದನಂತೆ. ಅಪೆಂಡಿಕ್ಸ್ ಒಡೆದುಹೋಗಿತ್ತು. ಹಿರಿಯ ಸರ್ಜನ್ ಕೂಡಲೇ ಆಪರೇಷನ್ ಮಾಡಿದರು, ನಾನು ಪಕ್ಕದಲ್ಲಿ ನಿಂತು ಸಹಾಯ ಮಾಡಿದೆ. ಆಮೇಲೆ ದಿನವೂ ಅವನ ಗಾಯದ ಡ್ರೆಸ್ಸಿಂಗ್ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತು ದಾಟಿದ ಸಣಕಲು ಮನುಷ್ಯ. ಮರಳಿನ ಬಣ್ಣದ ಕೂದಲು. ನಾವು ಆಡಿದ್ದೆಲ್ಲ ಇಂಗ್ಲಿಷಿನಲ್ಲೇ, ಆದರೆ ಇಷ್ಟು ವರ್ಷಗಳಲ್ಲಿ ಆ ಮಾತುಗಳು ನನ್ನೊಳಗೆ ಕನ್ನಡವಾಗಿ ಕುಳಿತುಬಿಟ್ಟಿವೆ.

ಎಚ್ಚರವಾದಾಗ ಅವನು ಕೇಳಿದ ಮೊದಲ ಪ್ರಶ್ನೆ, "ಗುರುವಾರ ಹಾರಬಹುದೇ?"

"ಗುರುವಾರ ಎದ್ದು ಬಾಗಿಲ ತನಕ ನಡೆದರೆ ಸಾಕು," ಎಂದೆ. "ಹಾರುವುದಕ್ಕೆ ಇನ್ನೂ ಎಷ್ಟೋ ವಾರ ಬೇಕು."

ಅವನು ಗೋಡೆಯ ಕಡೆ ತಿರುಗಿಕೊಂಡ.

ತಂಡ ಅವನಿಗಾಗಿ ಕಾಯುವಂತಿರಲಿಲ್ಲ. ತಮ್ಮ ದೇಶದಲ್ಲಿ ಅವರಿಗೆ ಬೇರೆ ಪ್ರದರ್ಶನಗಳಿದ್ದವು, ಉತ್ತರದ ಸಮುದ್ರದ ಮೇಲೆ ಹವೆಯೂ ಕೆಡುವ ಹಾಗಿತ್ತು. ಹೊರಡುವ ಹಿಂದಿನ ಸಂಜೆ ಎಲ್ಲರೂ ವಾರ್ಡಿಗೆ ಬಂದರು. ಮಂಚದ ಸುತ್ತ ನಿಂತು ತಮಾಷೆ ಮಾಡಿದರು, ನರ್ಸ್‌ಗಳನ್ನು ನಗಿಸಿದರು. ತಂಡದ ನಾಯಕ, ನರೆತ ಮೀಸೆಯವನು, ಕೊನೆಯಲ್ಲಿ ಉಳಿದು ತಗ್ಗಿದ ದನಿಯಲ್ಲಿ ಹೇಳಿದ: "ನಿನ್ನ ವಿಮಾನವನ್ನು ಹುಡುಗ ತರುತ್ತಾನೆ." ಹುಡುಗ ಎಂದರೆ ತಂಡದ ಜೊತೆಗಿದ್ದ ಹೆಚ್ಚುವರಿ ಪೈಲಟ್, ಬರುವಾಗ ಸಾಮಾನಿನ ವಿಮಾನದಲ್ಲಿ ಕುಳಿತು ಬಂದವನು. ಅವನು ಬಾಗಿಲ ಬಳಿ ಟೋಪಿ ತಿರುಗಿಸುತ್ತ ನಿಂತಿದ್ದ. ಮಂಚದಲ್ಲಿದ್ದವನು, "ಎಡಗಡೆಯ ಟ್ಯಾಂಕಿನ ಎಣ್ಣೆ ತೋರಿಸುವ ಮುಳ್ಳು ಸ್ವಲ್ಪ ಸುಳ್ಳು ಹೇಳುತ್ತದೆ, ನಂಬಬೇಡ" ಎಂದು ಮಾತ್ರ ಹೇಳಿದ.

ಅವರು ಹೋದ ಮೇಲೆ ವಾರ್ಡ್ ಎಷ್ಟು ಖಾಲಿಯಾಯಿತೆಂದರೆ, ನಾನು ಕೆಲಸವಿಲ್ಲದಿದ್ದರೂ ಅವನ ಚಾರ್ಟ್ ತೆಗೆದು ಓದುತ್ತ ನಿಂತೆ.

"ಇಷ್ಟು ಸಣ್ಣ ವಿಮಾನದಲ್ಲಿ ಸಮುದ್ರ ದಾಟುವುದು ಹೇಗೆ?" ಎಂದು ಕೇಳಿದೆ. ಮಾತಿಗೆ ಎಳೆಯಬೇಕೆಂದು ಕೇಳಿದ್ದು. ಆದರೆ ಅವನಿಗೆ ಅದೊಂದೇ ವಿಷಯ ಬೇಕಿತ್ತು. ಊಟದ ಟ್ರೇ ಮೇಲಿನ ಕಾಗದವನ್ನು ತಿರುಗಿಸಿ, ನನ್ನ ಪೆನ್ ಇಸಿದುಕೊಂಡು ಗೆರೆ ಎಳೆದ.

ಒಂದೇ ಸಲ ದಾಟುವುದಿಲ್ಲ, ಎಂದ. ನಮ್ಮ ಟ್ಯಾಂಕಿನ ಎಣ್ಣೆ ಅಷ್ಟು ದೂರ ಬರುವುದಿಲ್ಲ, ರೆಕ್ಕೆಯ ಕೆಳಗೆ ಬೇರೆ ಟ್ಯಾಂಕ್ ಕಟ್ಟಿಕೊಂಡರೂ ಇಲ್ಲ. ಗಾಳಿಯಲ್ಲಿ ಎಣ್ಣೆ ತುಂಬಿಸಿಕೊಳ್ಳುವ ವ್ಯವಸ್ಥೆಯೂ ನಮ್ಮದಕ್ಕಿಲ್ಲ. ಆದ್ದರಿಂದ ನೆಲ ಸಿಕ್ಕಲ್ಲೆಲ್ಲ ಇಳಿಯಬೇಕು. ಇಲ್ಲಿಂದ ಕೆನಡಾದ ಈಶಾನ್ಯದಲ್ಲಿರುವ ಲ್ಯಾಬ್ರಡಾರ್, ಅಲ್ಲಿಂದ ಗ್ರೀನ್‌ಲ್ಯಾಂಡ್, ಆಮೇಲೆ ಐಸ್‌ಲ್ಯಾಂಡ್, ಆಮೇಲೆ ಮನೆ. ದೊಡ್ಡ ಸಾಮಾನಿನ ವಿಮಾನ ಮೆಕ್ಯಾನಿಕ್‌ಗಳನ್ನೂ ಚಕ್ರ, ಬಿಡಿಭಾಗಗಳನ್ನೂ ಹೊತ್ತು ಮುಂದೆ ಹೋಗಿ ಹವೆ ನೋಡಿ ಹೇಳುತ್ತದೆ. ಯಾರಾದರೂ ನೀರಿಗೆ ಬಿದ್ದರೆ ಹುಡುಕಲು ಇನ್ನೊಂದು ವಿಮಾನ ದಾರಿಯ ನಡುವೆ ಸುತ್ತುತ್ತಿರುತ್ತದೆ. ನಾವು ಮೂರು ಮೂರು ಜನ ಒಂದು ಗುಂಪಾಗಿ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಹೊರಡುತ್ತೇವೆ.

"ಕುತ್ತಿಗೆ, ಮಣಿಕಟ್ಟು ಬಿಗಿಯಾಗಿ ಕಚ್ಚುವ ರಬ್ಬರ್ ಉಡುಪು ಹಾಕಿಕೊಳ್ಳಬೇಕು," ಎಂದ. "ಒಳಗೆ ಬೆವರು ಹರಿಯುತ್ತದೆ. ಅದಿಲ್ಲದೆ ಆ ನೀರಿಗೆ ಬಿದ್ದರೆ ಹುಡುಕುವ ವಿಮಾನ ಬರುವವರೆಗೂ ಜೀವ ಇರುವುದಿಲ್ಲ."

ಗ್ರೀನ್‌ಲ್ಯಾಂಡಿನ ಆ ವಿಮಾನನಿಲ್ದಾಣದ ಚಿತ್ರವನ್ನು ಬಹಳ ಹೊತ್ತು ಬರೆದ. ಬೆಟ್ಟಗಳ ಸಂದಿಯಲ್ಲಿ ಸಮುದ್ರ ಇಕ್ಕಟ್ಟಾಗಿ ಒಳಗೆ ನುಗ್ಗಿದೆ, ಅದರ ತುದಿಯಲ್ಲಿ ರನ್‌ವೇ. ಒಂದು ಕೊನೆಗೆ ಮಂಜುಗಡ್ಡೆ ತೇಲುವ ನೀರು, ಇನ್ನೊಂದು ಕೊನೆಗೆ ಗುಡ್ಡ. ಮೋಡ ಕೆಳಗಿಳಿದರೆ ಇಳಿಯುವ ಹಾಗಿಲ್ಲ. ದಾರಿಯ ನಡುವೆ ಒಂದು ಜಾಗ ಬರುತ್ತದೆ. ಅಲ್ಲಿಯವರೆಗೆ ತಿರುಗಿ ಬರುವಷ್ಟು ಎಣ್ಣೆ ಇರುತ್ತದೆ, ಅದನ್ನು ದಾಟಿದರೆ ಮುಂದೆ ಹೋಗುವುದೊಂದೇ.

"ನಿಮಗೆ ಭಯವಾಗಲಿಲ್ಲವೇ?"

ಅವನು ಪೆನ್ ಕೆಳಗಿಟ್ಟ. "ಪ್ರದರ್ಶನದಲ್ಲಿ ನಾನು ಜನರನ್ನು ನೋಡುವುದಿಲ್ಲ, ನೆಲವನ್ನೂ ನೋಡುವುದಿಲ್ಲ. ಪಕ್ಕದ ವಿಮಾನದ ರೆಕ್ಕೆಯ ತುದಿ ನೋಡುತ್ತಿರುತ್ತೇನೆ. ಮೂರು ವರ್ಷದಿಂದ ಅದೇ ರೆಕ್ಕೆ. ಆದರೆ ಸಮುದ್ರದ ಮೇಲೆ ಅಷ್ಟು ಹತ್ತಿರ ಹಾರಿದರೆ ಎಣ್ಣೆ ಹೆಚ್ಚು ಬೇಕು, ಮನುಷ್ಯನೂ ದಣಿಯುತ್ತಾನೆ. ಅದಕ್ಕೆ ದೂರ ದೂರ ಹೋಗುತ್ತೇವೆ. ಇಲ್ಲಿಗೆ ಬರುವಾಗ ಮೊದಲ ಸಲ ಸುತ್ತ ನೋಡಿದೆ. ಏನೂ ಇರಲಿಲ್ಲ. ಆಗಾಗ ರೇಡಿಯೋದಲ್ಲಿ ಎಣ್ಣೆ ಎಷ್ಟಿದೆ ಎಂದು ಕೇಳುತ್ತಾರೆ, ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ. ಬೇರೆ ಮಾತಿಲ್ಲ. ಆ ಅಂಕಿಗಾಗಿ ನಾನು ಕಾಯುತ್ತಿದ್ದೆ."

ಆ ರಾತ್ರಿ ಶಿಕಾಗೋದಿಂದ ಫೋನ್ ಬಂದಾಗ, "ಊಟ ಆತೇನು?" ಎಂಬ ಮಾತಿಗೆ ನಾನು ರಿಸೀವರನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ. "ಆತ್ರಿ," ಎಂದೆ.

ತಂಡ ಹೊರಟು ಲ್ಯಾಬ್ರಡಾರ್ ಸೇರಿತು. ವಾಯುನೆಲೆಯ ಒಬ್ಬ ಅಧಿಕಾರಿ ದಿನಕ್ಕೊಮ್ಮೆ ವಾರ್ಡಿಗೆ ಫೋನ್ ಮಾಡಿ ಸುದ್ದಿ ಹೇಳುವುದೆಂದು ಏರ್ಪಾಡಾಗಿತ್ತು. ಅಲ್ಲಿ ಮಳೆ, ಕಾಯುತ್ತಿದ್ದಾರೆ, ಎಂದಷ್ಟೇ ಎರಡು ದಿನ ಸುದ್ದಿ. ಇವನಿಗೆ ಜ್ವರ ಏರಿ ಇಳಿಯುತ್ತಿತ್ತು. ತಟ್ಟೆಯಲ್ಲಿಟ್ಟದ್ದನ್ನು ಮುಟ್ಟುತ್ತಿರಲಿಲ್ಲ.

ನನ್ನ ಬಾಯಿಂದ ವಿಷಯ ಕೇಳಿ ಅಂಕಲ್ ಆಂಟಿ ಅವನನ್ನು ನೋಡಲು ಬಂದರು. ಅಂಕಲ್ ಕೋಟು ಟೈ ಹಾಕಿಕೊಂಡಿದ್ದರು. ಕುರ್ಚಿ ಎಳೆದುಕೊಂಡು ಕೂತವರೇ ನನ್ನ ಕಡೆ ತಿರುಗಿ, "ಮೈಲೇಜ್ ಎಷ್ಟು ಕೊಡತ್ತೆ ಅಂತ ಕೇಳಮ್ಮ ಇವ್ರನ್ನ," ಎಂದರು.

"ನೀವೇ ಕೇಳಿ ಅಂಕಲ್, ಇಂಗ್ಲಿಷ್ ಬರುತ್ತಲ್ಲ ನಿಮಗೆ."

ಆಂಟಿ ಗದರಿದರು. "ಹೊಟ್ಟೆ ಕುಯ್ದು ಮಲಗ್ಸಿದಾರೆ, ಮೈಲೇಜ್ ಅಂತೆ ಮೈಲೇಜು!"

ಅಂಕಲ್ ಕೇಳಿಯೇ ಬಿಟ್ಟರು. ಪೈಲಟ್ ನಕ್ಕ, ನಕ್ಕು ಹೊಲಿಗೆ ಎಳೆದು ಹೊಟ್ಟೆ ಹಿಡಿದುಕೊಂಡ. ಆಮೇಲೆ ಇಬ್ಬರೂ ಅರ್ಧ ಗಂಟೆ ಎಣ್ಣೆಯ ಲೆಕ್ಕ, ಎದುರುಗಾಳಿಯ ಲೆಕ್ಕ ಮಾತಾಡಿದರು. ಹೋಗುವಾಗ ಅಂಕಲ್ ಮೆಟ್ಟಿಲ ಬಳಿ ನನಗೆ ಹೇಳಿದ ಮಾತು ಬೇರೆ: "ಏನೂ ಮಿಗಲ್ಲಮ್ಮ. ಎಷ್ಟು ಬೇಕೋ ಅಷ್ಟೇ ಹಾಕ್ಕೊಂಡು ಹೋಗ್ತಾರೆ. ಪಾಪ."

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅಧಿಕಾರಿಯ ಫೋನ್ ಬಂತು. ತಂಡ ಹೊರಟಿದೆ. ಮೊದಲ ಎರಡು ಗುಂಪು ಗ್ರೀನ್‌ಲ್ಯಾಂಡಿನಲ್ಲಿ ಇಳಿದವು. ಅವರ ಹಿಂದೆಯೇ ಮೋಡ ಮುಚ್ಚಿಕೊಂಡಿತು. ಮೂರನೇ ಗುಂಪಿನ ಸುದ್ದಿ ಇನ್ನೂ ಬಂದಿಲ್ಲ.

ಮೂರನೇ ಗುಂಪೇ ಇವನದು. ಇವನ ವಿಮಾನವಿದ್ದದ್ದು ಅದರಲ್ಲಿ, ಅದರೊಳಗೆ ಆ ಹುಡುಗ.

ಹೇಳಬೇಕೋ ಬೇಡವೋ ಎಂದು ನರ್ಸ್ ನನ್ನ ಮುಖ ನೋಡಿದಳು. ಹೋಗಿ ಹೇಳಿದೆ. ಅವನು ಎದ್ದು ಕೂರಲು ಹೋದ, ನೋವಿಗೆ ಮುಖ ಬಿಳುಚಿತು. ದಿಂಬು ಕೊಟ್ಟು ಒರಗಿಸಿದೆ. "ಎಷ್ಟು ಹೊತ್ತಿಗೆ ಹೊರಟರು?" ಎಂದ. ಗೊತ್ತಿಲ್ಲ ಎಂದೆ. ಕಣ್ಣು ಮುಚ್ಚಿ ಏನೋ ಕೂಡಿ ಕಳೆಯತೊಡಗಿದ. ತುಟಿ ಅಲುಗುತ್ತಿತ್ತು.

ನಾನು ಬೇರೆ ರೋಗಿಗಳನ್ನು ನೋಡಿ ಬಂದೆ, ಅವನು ಹಾಗೇ ಕೂತಿದ್ದ. ಊಟದ ಬಿಡುವಿನಲ್ಲಿ ಕೆಫೆಟೇರಿಯಾಕ್ಕೆ ಹೋಗದೆ ಅವನ ಪಕ್ಕದ ಕುರ್ಚಿಯಲ್ಲಿ ಕೂತೆ. ಕಿಟಕಿಯಾಚೆ ಪಾರ್ಕಿಂಗ್ ಜಾಗ, ಬಿಸಿಲಿಗೆ ಹೊಳೆಯುವ ಕಾರುಗಳು. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಇದ್ದಿರಬೇಕು. ಯಾರೋ ಐಸ್‌ಕ್ರೀಮ್ ತಿನ್ನುತ್ತ ನಡೆದುಹೋದರು.

"ಆ ಹುಡುಗನ ಹೆಂಡತಿ ಬಸುರಿ," ಎಂದ. "ಅದಕ್ಕೇ ಅವನನ್ನು ಬರುವಾಗ ಸಾಮಾನಿನ ವಿಮಾನದಲ್ಲಿ ಕೂರಿಸಿದ್ದು. ನಾಯಕ ಯಾರಿಗೂ ಹೇಳಿರಲಿಲ್ಲ, ನನಗೆ ಗೊತ್ತಿತ್ತು."

ನಮ್ಮ ಕಡೆ ಆಗಿದ್ದರೆ ಏನೂ ಆಗೂದಿಲ್ಲ ಬಿಡ್ರಿ ಎನ್ನುತ್ತಿದ್ದೆ. ಇಂಗ್ಲಿಷಿನಲ್ಲಿ ಆ ಮಾತು ಬರಲಿಲ್ಲ. ನರ್ಸ್‌ಗಳ ಮೇಜಿಗೆ ಹೋಗಿ ನಾನೇ ವಾಯುನೆಲೆಗೆ ಫೋನ್ ಮಾಡಿದೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ. ನನ್ನ ಉಚ್ಚಾರ ಅರ್ಥವಾಗದೆ ಒಬ್ಬ ಫೋನ್ ಇಟ್ಟೇಬಿಟ್ಟ. ಮತ್ತೆ ತಿರುಗಿಸಿದೆ. "ನಾನು ಅವರ ಡಾಕ್ಟರ್," ಎಂದು ಜೋರಾಗಿ ಹೇಳಿದೆ. ಅಷ್ಟು ಜೋರಾಗಿ ಆ ಆಸ್ಪತ್ರೆಯಲ್ಲಿ ಅದುವರೆಗೆ ಮಾತಾಡಿರಲಿಲ್ಲ. ಕೊನೆಗೆ ಅದೇ ಅಧಿಕಾರಿ ಸಿಕ್ಕಿದ. ಹಾಳೆ ಮಗುಚುವ ಸದ್ದು ಕೇಳಿಸಿತು.

ತಡವಾಗಿ ಹೊರಟಿದ್ದ ಮೂರನೇ ಗುಂಪು ನಡುದಾರಿಯ ಆ ಜಾಗ ಬರುವ ಮೊದಲೇ ತಿರುಗಿತ್ತು. ಲ್ಯಾಬ್ರಡಾರಿನಲ್ಲಿ ಮೂವರೂ ಇಳಿದಿದ್ದಾರೆ. ಸುದ್ದಿ ಆಗಷ್ಟೇ ಬಂದಿತ್ತು.

ಓಡಿ ಹೋಗಿ ಹೇಳಿದೆ. ಅವನು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡ. ನಾನು ಪರದೆ ಎಳೆದು ಹೊರಗೆ ಬಂದೆ. ಸಂಜೆ ಡ್ರೆಸ್ಸಿಂಗ್ ಮಾಡುವಾಗ, "ನಿನ್ನ ಗೆಳತಿ ತಂದ ಆ ಬಿಳಿ ಅನ್ನ ಇನ್ನೂ ಇದೆಯೇ?" ಎಂದು ಕೇಳಿದ. ಆಂಟಿ ತಂದಿಟ್ಟಿದ್ದ ಮೊಸರನ್ನ ಫ್ರಿಜ್‌ನಲ್ಲಿತ್ತು. ಆರು ಚಮಚ ತಿಂದ.

ಹವೆ ತೆರವಾದ ಮೇಲೆ ಆ ಮೂವರೂ ಹೋಗಿ ಉಳಿದವರನ್ನು ಕೂಡಿಕೊಂಡರು, ಆ ವಾರವೇ ಎಲ್ಲರೂ ಮನೆ ಸೇರಿದರು. ಇವನಿಗೆ ಆಸ್ಪತ್ರೆಯಿಂದ ಬಿಡುಗಡೆ ಸಿಕ್ಕಾಗ ಕರೆದೊಯ್ಯಲು ಯಾರೂ ಇರಲಿಲ್ಲ. ಅಂಕಲ್ ರಜೆ ಹಾಕಿ ಕಾರು ತಂದರು, ನಾನೂ ಜೊತೆಗೆ ಹೋದೆ. ಏರ್‌ಪೋರ್ಟಿನಲ್ಲಿ ಎಲ್ಲರ ಹಾಗೆ ಟಿಕೆಟ್ ಹಿಡಿದು, ಎಲ್ಲರ ಜೊತೆ ಸಾಲಿನಲ್ಲಿ ನಿಂತ. ಸಡಿಲವಾದ ಪ್ಯಾಂಟು, ಕೈಯಲ್ಲೊಂದು ಪುಟ್ಟ ಚೀಲ. ಅವನನ್ನು ಪೈಲಟ್ ಎಂದು ಯಾರೂ ಅಂದುಕೊಳ್ಳುವಂತಿರಲಿಲ್ಲ.

"ಕಿಟಕಿಯ ಸೀಟು ಬೇಡವೆಂದೆ," ಎಂದ. "ಇಲ್ಲದಿದ್ದರೆ ದಾರಿಯುದ್ದಕ್ಕೂ ಎಣ್ಣೆಯ ಲೆಕ್ಕ ಹಾಕುತ್ತೇನೆ."

ಅಂಕಲ್ ಕೈಕುಲುಕಿದರು. ನನಗೆ ಏನೋ ಹೇಳಲು ಹೋದ, ಅಷ್ಟರಲ್ಲಿ ಸಾಲು ಮುಂದೆ ಸರಿಯಿತು. ಆಮೇಲೆ ಅವನ ಸುದ್ದಿ ತಿಳಿಯಲಿಲ್ಲ. ಮತ್ತೆ ತಂಡಕ್ಕೆ ಸೇರಿದನೋ ಇಲ್ಲವೋ ಗೊತ್ತಿಲ್ಲ.

ಆ ವಾರದ ಕೊನೆಗೆ ನನಗೆ ರಜೆ ಇತ್ತು, ಶಿಕಾಗೋದಲ್ಲಿ ನನ್ನ ಗಂಡನಿಗೆ ಇರಲಿಲ್ಲ. ಆದರೂ ನನ್ನ ಹಳೆಯ ಕಾರಿನಲ್ಲಿ ಹೊರಟೆ. ಲೈಸೆನ್ಸ್ ಸಿಕ್ಕಿ ಸ್ವಲ್ಪವೇ ಕಾಲವಾಗಿತ್ತು, ಹೆದ್ದಾರಿಯಲ್ಲಿ ಅಷ್ಟು ದೂರ ಒಬ್ಬಳೇ ಹೋಗಿರಲಿಲ್ಲ. ಜಾಕ್ಸನ್‌ನಲ್ಲಿ ಒಮ್ಮೆ ನಿಂತೆ, ಕಾಲಮಜೂದಲ್ಲಿ ಒಮ್ಮೆ, ದಾರಿಯಲ್ಲಿ ಸಿಗುವ ದೊಡ್ಡ ಸರೋವರದ ಹತ್ತಿರ ಇನ್ನೊಮ್ಮೆ. ಲಾರಿಗಳು ಪಕ್ಕದಲ್ಲಿ ಹಾದಾಗ ಕಾರು ನಡುಗುತ್ತಿತ್ತು. ಶಿಕಾಗೋದ ಹೊರವಲಯದ ಡೌನರ್ಸ್ ಗ್ರೋವ್‌ನಲ್ಲಿದ್ದ ಅವರ ಅಪಾರ್ಟ್‌ಮೆಂಟ್ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಹಿಂದಿನ ದಿನದಿಂದ ಡ್ಯೂಟಿ ಮಾಡಿ ಬಂದು ಮಲಗಿದ್ದವರು ಕಣ್ಣುಜ್ಜುತ್ತ ಬಾಗಿಲು ತೆರೆದರು.

"ಒಬ್ಬಾಕಿನ ಬಂದೀಯೇನು? ಡ್ರೈವ್ ಮಾಡಿಕೊಂಡು?"

"ಹೌದ್ರಿ."

"ಒಂದು ಫೋನರ ಮಾಡಬಾರದೇನು? ಮತ್ತ ಸಂಜೀಗೆ ಡ್ಯೂಟಿ ಅದ ನನಗ."

"ಗೊತ್ತದ. ನೀವು ಮಲ್ಕೋರಿ."

ನನ್ನ ಕೈ ಹಿಡಿದುಕೊಂಡು ಸೋಫಾದ ಮೇಲೆ ಕೂತರು. ಪೈಲಟ್‌ನ ಸುದ್ದಿ ಮೊದಲಿನಿಂದ ಹೇಳತೊಡಗಿದೆ. ಅವರು ಹೂಂ, ಹೂಂ ಎನ್ನುತ್ತಿದ್ದರು. ವಿಮಾನಗಳು ಲ್ಯಾಬ್ರಡಾರ್ ತಲುಪುವಷ್ಟರಲ್ಲಿ ಹೂಂ ನಿಂತಿತ್ತು. ಬಾಯಿ ಅರೆತೆರೆದು, ತಲೆ ನನ್ನ ಭುಜಕ್ಕೆ ಒರಗಿ, ಆಳವಾದ ನಿದ್ದೆ. ಎಬ್ಬಿಸಲಿಲ್ಲ. ಶಿಕಾಗೋ ಕಡೆಯಿಂದ ಬಂದ ಲೋಕಲ್ ರೈಲೊಂದು ಕಿಟಕಿಯಾಚೆ ನಿಂತು, ಜನರನ್ನಿಳಿಸಿ ಮುಂದೆ ಹೋಯಿತು. ಅವರು ಏಳುವ ಹೊತ್ತಾಗುವವರೆಗೆ ನಾನು ಅಲುಗದೆ ಕೂತಿದ್ದೆ.