ದಕ್ಷನ ಅಂಗಳದ ಗುಗ್ಗಳ

ಬೆಳ್ಳಟ್ಟಿಯ ಪುಂಡಲೀಕಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಶಿರಹಟ್ಟಿಯಲ್ಲಿ ಪಂಕ್ಚರ್ ಅಂಗಡಿ ಅವನದು. ಟೈರಿಗೆ ಮೊಳೆ ಚುಚ್ಚಿಸಿಕೊಂಡು ಬಂದವರಿಗೂ ಬೈಗುಳ ತಪ್ಪುವುದಿಲ್ಲ. ಮದುವೆಯ ಕಾಲ ಬಂತೆಂದರೆ ಅವನೇ ಪುರವಂತ. ಎದೆಗೆ ವೀರಭದ್ರನ ಹಿತ್ತಾಳೆ ಮುಖ ಕಟ್ಟಿ, ಕತ್ತಿ ಹಿರಿದು, ಗುಡಿಗೆ ಹೊರಟ ಗುಗ್ಗಳದ ಮೆರವಣಿಗೆಯ ಮುಂದೆ ದೇವರ ಕತೆಯ ಒಡಪು ಹೇಳುತ್ತಾ ಕುಣಿಯುತ್ತಿದ್ದ. ವೇಷ ಕಟ್ಟದಿದ್ದರೂ ಇವನು ವೀರಭದ್ರನೇ ಎಂದು ನಾವು ನಗುತ್ತಿದ್ದೆವು.

ಹೋದ ವರ್ಷ ನಮ್ಮೂರ ದೊಡ್ಡ ಮನೆಯ ಫಕ್ಕೀರಪ್ಪನ ಮಗನ ಮದುವೆ. ಊರಿಗೆಲ್ಲ ಕರೆ ಹೋಗಿತ್ತು, ಹೆತ್ತ ಮಗಳು ಅನ್ನಪೂರ್ಣಳಿಗೆ ಮಾತ್ರ ಇಲ್ಲ. ಬೇರೆ ಜಾತಿಯವನನ್ನು ಮದುವೆಯಾದಳೆಂದು ಫಕ್ಕೀರಪ್ಪ ಅವಳಿಗೆ ಹೊಸ್ತಿಲು ತುಳಿಯಲು ಬಿಟ್ಟಿರಲಿಲ್ಲ. ತಮ್ಮನ ಮದುವೆ ನೋಡುವ ಆಸೆಗೆ ಅವಳು ಕರೆಯದಿದ್ದರೂ ಬಂದು, ಕೂಸನ್ನು ಎತ್ತಿಕೊಂಡು ಮನೆಯೆದುರಿನ ಕಟ್ಟೆಯ ಬಳಿ ನಿಂತಿದ್ದಳು. ಬೀಗರು ನೋಡಿದರು, ನೆಂಟರು ನೋಡಿದರು, ಯಾರೂ ಬಾ ಎನ್ನಲಿಲ್ಲ. ನಾಚಿಕೆಗೆಟ್ಟ ಜನ.

ಉರಿಯುವ ಗುಗ್ಗಳದ ಕೊಡ ಮದುಮಗನ ತಲೆಯೇರಿತು. ಗುಡಿ ಮುಟ್ಟುವ ತನಕ ಅದನ್ನು ಇಳಿಸುವಂತಿಲ್ಲ, ಒಡಪು ಇಲ್ಲದೆ ಗುಡಿಗೆ ಹೊರಡುವಂತೆಯೂ ಇಲ್ಲ. ಪುಂಡಲೀಕಪ್ಪ ವೀರಭದ್ರ ಹುಟ್ಟಿದ ಕತೆ ಎತ್ತಿಕೊಂಡ. ದಕ್ಷ ಯಜ್ಞ ಹೂಡಿದ, ಮಗಳಿಗೆ ಹೇಳಿಕಳಿಸಲಿಲ್ಲ. ತವರೆಂದು ತಾನೇ ಬಂದವಳಿಗೆ ಕೂತುಕೋ ಎಂದೂ ಅನ್ನಲಿಲ್ಲ. ಅಷ್ಟರಲ್ಲಿ ಅವನ ಕಣ್ಣು ಕಟ್ಟೆಯ ಕಡೆ ಹೋಯಿತು. ಮಾತು ನಿಂತಿತು, ಕತ್ತಿ ಒರೆ ಸೇರಿತು.

ಮುಂದೆ ಹೇಳು ಎಂದು ಫಕ್ಕೀರಪ್ಪ ಗದರಿದ.

“ದಕ್ಷನ ಅಂಗಳದಾಗ ನಿಂತು ದಕ್ಷನ ಕತಿ ಹೆಂಗ ಹೇಳ್ಲಿ? ಮೊದಲ ಮಗಳನ್ನ ಕರೀರಿ,” ಎಂದ ಪುಂಡಲೀಕಪ್ಪ.

ಫಕ್ಕೀರಪ್ಪ ಹಲ್ಲು ಕಡಿದನೇ ಹೊರತು ನಿಂತಲ್ಲಿಂದ ಕದಲಲಿಲ್ಲ. ಹೊಗೆಗೆ ಕಣ್ಣಲ್ಲಿ ನೀರು ಸುರಿಸುತ್ತಿದ್ದ ಮದುಮಗನೇ ಕೊನೆಗೆ ಕೊಡ ಹೊತ್ತುಕೊಂಡು ಕಟ್ಟೆಯತ್ತ ನಡೆದ. “ಅಕ್ಕಾ, ನೀ ಮುಂದ ನಡಿ,” ಎಂದ. ಆಗ ಪುಂಡಲೀಕಪ್ಪ ಮತ್ತೆ ಕತ್ತಿ ಹಿರಿದು, ಬಿಟ್ಟಲ್ಲಿಂದ ಒಡಪು ಹಿಡಿದ. ಗುಗ್ಗಳ ಗುಡಿಗೆ ಹೋಯಿತು. ಅಪ್ಪ ಅಂಗಳದಲ್ಲೇ ಉಳಿದ.

ಅಂದಿನಿಂದ ನಮ್ಮೂರ ದೊಡ್ಡ ಮನೆಗಳವರು ಗದಗದಿಂದ ಪುರವಂತರನ್ನು ಕರೆಸುತ್ತಾರೆ. ಪುಂಡಲೀಕಪ್ಪನ ಕತ್ತಿ ಗೂಟದಲ್ಲಿ ತೂಗುತ್ತಿದೆ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಮೊನ್ನೆ ಅಂಗಡಿಯಲ್ಲಿ ಅದನ್ನೇ ಹೇಳಿ ಊರಿನವರನ್ನೆಲ್ಲ ಬೈದೆ. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಾ ಅಂದ:

“ಕರೀದಿದ್ರ ಬಿಡಲಿ. ವೀರಭದ್ರನ್ನ ದಕ್ಷನ ಮನಿಗಿ ಯಾರ್ ಕರದಿದ್ರು?”